ತಂತಿ ಕಾಣುವ ಮೊದಲೇ

ವಿಮಾನದಿಂದ ಜಿಗಿಯುವವರ ಜೀವಕ್ಕೆ ಅಪಾಯವೆಂದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಹೋಗುವುದು ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಸಿನಿಮಾಗಳು ತೋರಿಸುವುದೂ ಅದನ್ನೇ. ಆದರೆ ಈಗಿನ ಪ್ಯಾರಾಚೂಟ್‌ಗಳು ಬಹುಮಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಒಂದು ಕೈಕೊಟ್ಟರೆ ಅದೇ ಬೆನ್ನಚೀಲದಲ್ಲಿ ಮೀಸಲು ಪ್ಯಾರಾಚೂಟ್ ಇರುತ್ತದೆ. ಜಿಗಿದವರಿಗೆ ಎಚ್ಚರ ತಪ್ಪಿದರೂ ನಿಗದಿತ ಎತ್ತರಕ್ಕೆ ಬಂದಾಗ ಆ ಮೀಸಲನ್ನು ತಾನೇ ಬಿಚ್ಚುವ ಪುಟ್ಟ ಯಂತ್ರವೂ ಇರುತ್ತದೆ. ಹೀಗಾಗಿ ಅಪಾಯದ ದೊಡ್ಡ ಪಾಲು ಆಕಾಶದಿಂದ ಕೆಳಕ್ಕೆ ಸರಿದುಬಂದಿದೆ. ಚೆನ್ನಾಗಿಯೇ ಅರಳಿದ ಪ್ಯಾರಾಚೂಟ್‌ನ ಅಡಿಯಲ್ಲಿ, ಎಲ್ಲ ಸರಿಯಿದೆ ಎನ್ನುವಾಗ, ನೆಲ ಮುಟ್ಟುವ ಕೊನೆಯ ಕೆಲವು ಸೆಕೆಂಡುಗಳಲ್ಲಿ ಜನ ಗಾಯಗೊಳ್ಳುತ್ತಾರೆ, ಸಾಯುತ್ತಾರೆ. ಆ ಕೊನೆಯ ಹಂತದಲ್ಲಿ ಎದುರಾಗಬಹುದಾದ ಅಡ್ಡಿಗಳಲ್ಲಿ ಮರವಿದೆ, ಕೆರೆಯಿದೆ, ಮನೆಯ ಮಾಡಿದೆ. ಇವೆಲ್ಲ ಮೇಲಿನಿಂದಲೇ ಕಾಣುತ್ತವೆ. ಕರೆಂಟಿನ ತಂತಿ ಮಾತ್ರ ಕಾಣುವುದಿಲ್ಲ. ಅದನ್ನು ತಪ್ಪಿಸಿಕೊಳ್ಳುವುದು ಚುರುಕು ಕಣ್ಣಿನ, ಚುರುಕು ಕೈಯ ಕೆಲಸ ಎಂದು ಅನ್ನಿಸುವುದು ಸಹಜ. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ತಂತಿಯನ್ನು ಕಣ್ಣಿನಿಂದ ಹುಡುಕಿ ತಪ್ಪಿಸಿಕೊಳ್ಳುತ್ತೇನೆ ಎಂದು ಹೊರಟವರು ಆಗಲೇ ತಡಮಾಡಿದ್ದಾರೆ. ತಂತಿ ಎಲ್ಲಿರಬಹುದು ಎಂದು ಊಹಿಸಿ, ಅದು ಕಾಣುವ ಎಷ್ಟೋ ಮೊದಲೇ ಆ ಜಾಗವನ್ನು ಬಿಟ್ಟುಕೊಡುವುದೊಂದೇ ನಂಬಬಹುದಾದ ದಾರಿ.

ಮೊದಲು ಕಣ್ಣಿನ ಮಿತಿಯನ್ನೇ ನೋಡೋಣ. ಆರೋಗ್ಯವಂತ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮ ವಿವರವನ್ನು ಗುರುತಿಸಬಲ್ಲದು. ನಮ್ಮ ಹಳ್ಳಿಗಳ 11 ಕೆವಿ ಮಾರ್ಗಗಳಲ್ಲಿ ಬಳಸುವ ‘ರ‍್ಯಾಬಿಟ್’ ಎಂಬ ಅಲ್ಯೂಮಿನಿಯಂ ತಂತಿಯ ದಪ್ಪ ಸುಮಾರು 10 ಮಿಲಿಮೀಟರ್. ಇದಕ್ಕಿಂತ ತೆಳುವಾದ ‘ವೀಸಲ್’ 8 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ದೈತ್ಯ ಗೋಪುರಗಳ ಮೇಲೆ ಸಾಗುವ 400 ಕೆವಿ ಮಾರ್ಗದ ‘ಮೂಸ್’ ತಂತಿ ಸುಮಾರು 32 ಮಿಲಿಮೀಟರ್. (ತಂತಿಗಳಿಗೆ ಮೊಲ, ಕಡವೆಗಳ ಹೆಸರಿಟ್ಟ ಪದ್ಧತಿ ಬ್ರಿಟಿಷ್ ಎಂಜಿನಿಯರುಗಳದ್ದು, ನಮ್ಮ ವಿದ್ಯುತ್ ಕಂಪನಿಗಳ ಟೆಂಡರುಗಳಲ್ಲಿ ಇವತ್ತಿಗೂ ಆ ಪ್ರಾಣಿಗಳೆಲ್ಲ ಓಡಾಡುತ್ತಿವೆ.) ಲೆಕ್ಕ ಹಾಕಿದರೆ 10 ಮಿಲಿಮೀಟರ್ ದಪ್ಪದ ವಸ್ತು ಆ ಅರವತ್ತನೇ ಒಂದು ಭಾಗಕ್ಕೆ ಕುಗ್ಗಲು ಬರೀ 34 ಮೀಟರ್ ದೂರ ಸಾಕು. ಹಾಗಾದರೆ ರಸ್ತೆಯಲ್ಲಿ ನಿಂತು ನೋಡುವಾಗ ನೂರು ಮೀಟರ್ ಆಚೆಯ ತಂತಿಯೂ ಕಾಣುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಕಾಣುತ್ತದೆ, ನಿಜ. ಏಕೆಂದರೆ ನೆಲದ ಮೇಲೆ ನಿಂತವರಿಗೆ ತಂತಿಯ ಹಿನ್ನೆಲೆಯಲ್ಲಿ ಬೆಳ್ಳನೆಯ ಆಕಾಶವಿರುತ್ತದೆ. ಉದ್ದನೆಯ ಕಪ್ಪು ಗೆರೆಯೊಂದು ಬೆಳಕಿಗೆ ಅಡ್ಡ ಬಂದರೆ ಎಷ್ಟೇ ತೆಳುವಾಗಿದ್ದರೂ ಕಣ್ಣು ಅದನ್ನು ಹಿಡಿಯುತ್ತದೆ. ಮೇಲಿನಿಂದ ಇಳಿಯುವವರಿಗೆ ಹಿನ್ನೆಲೆ ಆಕಾಶವಲ್ಲ, ನೆಲ. ಉಳುಮೆಯ ಸಾಲು, ಬದು, ಒಣಹುಲ್ಲು, ಕಲ್ಲು, ಪೊದೆ ಎಲ್ಲ ಸೇರಿದ ಆ ಕಲಸುಮೇಲೋಗರದ ಮೇಲೆ, ವರ್ಷಗಟ್ಟಲೆ ಬಿಸಿಲು ಮಳೆಗೆ ಮಂಕಾದ ಬೂದು ಬಣ್ಣದ ತಂತಿ ಕರಗಿಹೋಗುತ್ತದೆ. ನೆಲದಿಂದ ನೋಡಿ ಗಳಿಸಿದ ಅನುಭವ ಆಕಾಶದಲ್ಲಿ ಸುಳ್ಳು ಧೈರ್ಯವನ್ನಷ್ಟೇ ಕೊಡುತ್ತದೆ.

ಕಂಡರೂ ತೊಂದರೆ ತೀರುವುದಿಲ್ಲ. ಒಂದು ವಸ್ತು ಎಷ್ಟು ದೂರವಿದೆ ಎಂದು ತಿಳಿಯಲು ನಮ್ಮ ಮೆದುಳು ಬಳಸುವ ಉಪಾಯಗಳಲ್ಲಿ ಮುಖ್ಯವಾದದ್ದು ಎರಡು ಕಣ್ಣುಗಳ ನಡುವಿನ ಅಂತರ. ಎಡಗಣ್ಣಿಗೆ ಕಂಡ ಚಿತ್ರಕ್ಕೂ ಬಲಗಣ್ಣಿಗೆ ಕಂಡ ಚಿತ್ರಕ್ಕೂ ಅಡ್ಡಡ್ಡಲಾಗಿ ಇರುವ ಚೂರು ವ್ಯತ್ಯಾಸದಿಂದ ಮೆದುಳು ಆಳವನ್ನು ಅಳೆಯುತ್ತದೆ. ಆದರೆ ತಂತಿಯೂ ನಮ್ಮ ಎದುರು ಅಡ್ಡವಾಗಿಯೇ ಚಾಚಿಕೊಂಡಿದೆ. ಅದರ ಮೇಲೆ ಗಂಟಿಲ್ಲ, ಗುರುತಿಲ್ಲ, ಎಲ್ಲ ಕಡೆಯೂ ಒಂದೇ ಥರ. ಎರಡು ಕಣ್ಣುಗಳ ಚಿತ್ರಗಳನ್ನು ಪಕ್ಕಕ್ಕೆ ಎಷ್ಟು ಸರಿಸಿದರೂ ಗೆರೆ ಗೆರೆಯ ಮೇಲೆಯೇ ಕೂರುತ್ತದೆ; ವ್ಯತ್ಯಾಸ ಸಿಗುವುದಿಲ್ಲ, ಹಾಗಾಗಿ ದೂರವೂ ತಿಳಿಯುವುದಿಲ್ಲ. ಇದಲ್ಲದೆ ದೊಡ್ಡ ಗೋಪುರಗಳ ಮಾರ್ಗಗಳಲ್ಲಿ ಇನ್ನೊಂದು ಮೋಸವಿದೆ. ಕಣ್ಣಿಗೆ ಬೀಳುವ ದಪ್ಪ ತಂತಿಗಳು ವಿದ್ಯುತ್ ಹೊತ್ತ ತಂತಿಗಳು. ಅವುಗಳ ಮೇಲೆ, ಗೋಪುರದ ತುತ್ತತುದಿಯಿಂದ ತುದಿಗೆ, ಸಿಡಿಲನ್ನು ತಡೆದು ಭೂಮಿಗೆ ಇಳಿಸಲೆಂದು ಇನ್ನೂ ತೆಳುವಾದ ಉಕ್ಕಿನ ತಂತಿಯೊಂದು ಹಾದುಹೋಗಿರುತ್ತದೆ. ದಪ್ಪ ತಂತಿಗಳನ್ನು ನೋಡಿ, ಅವುಗಳ ಮೇಲಿಂದ ದಾಟಿದೆನೆಂದು ನಿಟ್ಟುಸಿರು ಬಿಡುವವರ ಕಾಲಿಗೆ ಸಿಗುವುದು ಈ ತೆಳು ತಂತಿ.

ಹಾಗಾದರೆ ನೋಡಬೇಕಾದದ್ದೇನು? ತಂತಿಯನ್ನಲ್ಲ, ತಂತಿಯ ಸಾಕ್ಷಿಗಳನ್ನು. ಕಂಬ ಕಾಣುತ್ತದೆ, ಗೋಪುರ ಕಾಣುತ್ತದೆ. ಎರಡು ಕಂಬಗಳು ಕಂಡರೆ ನಡುವೆ ತಂತಿ ಇದ್ದೇ ಇದೆ ಎಂದು ಇಟ್ಟುಕೊಳ್ಳಬೇಕು. ಒಂದೇ ಕಂಡರೆ ಇನ್ನೊಂದು ಎಲ್ಲಿದೆ ಎಂದು ಹುಡುಕಬೇಕು. ಕಂಬದ ನೆತ್ತಿಯ ಅಡ್ಡಪಟ್ಟಿ ಯಾವ ದಿಕ್ಕಿಗೆ ಚಾಚಿದೆಯೋ ಸಾಮಾನ್ಯವಾಗಿ ಅದಕ್ಕೆ ಅಡ್ಡಲಾಗಿ ತಂತಿ ಓಡುತ್ತದೆ. ಕಂಬಕ್ಕೆ ಓರೆಯಾಗಿ ಸ್ಟೇ ವೈರ್ ಬಿಗಿದಿದ್ದರೆ ಮಾರ್ಗ ಅಲ್ಲಿ ತಿರುಗಿದೆ ಅಥವಾ ಕೊನೆಗೊಂಡಿದೆ ಎಂದರ್ಥ. ರಸ್ತೆಯ ಪಕ್ಕದಲ್ಲಿ ತಂತಿ ಇರುವುದೇ ನಿಯಮ, ಇಲ್ಲದಿರುವುದೇ ಅಪವಾದ. ಕಾಡಿನ ನಡುವೆ ದಾರಿಯೂ ಅಲ್ಲದ ಹೊಳೆಯೂ ಅಲ್ಲದ ನೇರ ಪಟ್ಟಿಯೊಂದು ಬೋಳಾಗಿ ಕಂಡರೆ ಅದು ತಂತಿಗಾಗಿ ಮರ ಕಡಿದ ಜಾಗ. ಬೆಳಗ್ಗೆ ಸಂಜೆಯ ಓರೆ ಬಿಸಿಲಿನಲ್ಲಿ ಕಂಬಗಳಿಗಿಂತ ಅವುಗಳ ನೆರಳೇ ಉದ್ದವಾಗಿ, ಸ್ಪಷ್ಟವಾಗಿ ಹೊಲದ ಮೇಲೆ ಮಲಗಿರುತ್ತದೆ. ಒಂಟಿ ಮನೆಗೂ ಪಂಪ್‌ಹೌಸಿಗೂ ಎಲ್ಲಿಂದಲೋ ಕರೆಂಟ್ ಬರಲೇಬೇಕು. ಕರ್ನಾಟಕದ ಬಯಲುಸೀಮೆಯ ಯಾವುದೇ ಹೊಲವನ್ನು ಮೇಲಿನಿಂದ ನೋಡಿದರೆ ಖಾಲಿ ಮೈದಾನದಂತೆ ತೋರುತ್ತದೆ. ಆದರೆ ಒಂದೊಂದು ಕೊಳವೆಬಾವಿಗೂ ಟ್ರಾನ್ಸ್‌ಫಾರ್ಮರಿನಿಂದ ಒಂದೊಂದು ಮಾರ್ಗ ಬಂದಿರುತ್ತದೆ, ಕೆಲವೆಡೆ ಕಂಬಗಳು ವಾಲಿ ತಂತಿ ನಿಗದಿತ ಎತ್ತರಕ್ಕಿಂತ ಕೆಳಗೆ ಜೋತಿರುತ್ತದೆ. ಬೆಳೆಯ ನಡುವೆ ಉಳುಮೆ ಮಾಡದೆ ಬಿಟ್ಟ ಸಣ್ಣ ಚೌಕ ಕಂಡರೆ ಅಲ್ಲಿ ಕಂಬವೊಂದು ನಿಂತಿದೆಯೆಂದೇ ಮೊದಲು ಶಂಕಿಸಬೇಕು.

ಊಹೆಯ ಮೇಲೆ ನಡೆಯುವುದಾದರೆ ಊಹೆ ತಪ್ಪಾಗುವ ಬಗೆಯನ್ನೂ ತಿಳಿದಿರಬೇಕು. ‘ಸುತ್ತ ಮನೆಯಿಲ್ಲ, ಊರಿಲ್ಲ, ಆದ್ದರಿಂದ ತಂತಿಯಿಲ್ಲ’ ಎನ್ನುವುದು ಎಲ್ಲಕ್ಕಿಂತ ಅಪಾಯದ ತರ್ಕ. ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಎಳೆದ ಮಾರ್ಗ ನೂರ ನಲವತ್ತು ಕಿಲೋಮೀಟರಿಗೂ ಉದ್ದದ್ದು. ಅದು ಹಾದುಹೋದ ಹಳ್ಳಿಗಳಲ್ಲಿ ಆಗ ದೀಪವಿರಲಿಲ್ಲ. ಬೆಂಗಳೂರಿಗೇ ವಿದ್ಯುತ್ ಬಂದದ್ದು 1905ರಲ್ಲಿ. ಪ್ರಸರಣ ಮಾರ್ಗಗಳ ಸ್ವಭಾವ ಅಂದಿಗೂ ಇಂದಿಗೂ ಒಂದೇ. ಎಲ್ಲಿ ಜನರಿದ್ದಾರೋ ಅಲ್ಲಿಗಲ್ಲ, ಉತ್ಪಾದನೆಯ ಜಾಗದಿಂದ ಬಳಕೆಯ ಜಾಗಕ್ಕೆ ಆದಷ್ಟು ನೇರವಾಗಿ, ನಡುವಿನ ನಿರ್ಜನ ಬಯಲನ್ನೇ ಆರಿಸಿಕೊಂಡು ಅವು ಸಾಗುತ್ತವೆ. ಪ್ಯಾರಾಚೂಟ್ ಇಳಿಸಲು ಹುಡುಕುವುದೂ ಅಂಥ ಬಯಲನ್ನೇ.

ಈಗ ಸಮಯದ ಲೆಕ್ಕಕ್ಕೆ ಬರೋಣ, ಏಕೆಂದರೆ ನನ್ನ ವಾದದ ತಿರುಳು ಇರುವುದು ಅಲ್ಲಿ. ಇವತ್ತು ಕ್ರೀಡೆಗೆ ಬಳಸುವ ಪ್ಯಾರಾಚೂಟ್ ಹಳೆಯ ದುಂಡನೆಯ ಕೊಡೆಯಲ್ಲ. ಅದು ಗಾಳಿ ತುಂಬಿ ಉಬ್ಬಿದ ಬಟ್ಟೆಯ ರೆಕ್ಕೆ. ಕಲಿಯುವವರಿಗೆ ಕೊಡುವ ದೊಡ್ಡ ರೆಕ್ಕೆ ಸೆಕೆಂಡಿಗೆ ಸುಮಾರು ನಾಲ್ಕೈದು ಮೀಟರ್ ಕೆಳಗಿಳಿಯುತ್ತಾ ಹತ್ತು ಮೀಟರ್‌ನಷ್ಟು ಮುಂದೆ ಸಾಗುತ್ತದೆ. 600 ಮೀಟರ್ ಎತ್ತರದಲ್ಲಿರುವಾಗ ಕೈಯಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಸಮಯವಿದೆ. ಗಾಳಿ ಶಾಂತವಾಗಿದ್ದರೆ ಯಾವ ದಿಕ್ಕಿಗಾದರೂ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಹುದು. 90 ಮೀಟರಿಗೆ ಬಂದಾಗ ಉಳಿದಿರುವುದು ಇಪ್ಪತ್ತು ಸೆಕೆಂಡು, ಇನ್ನೂರು ಮೀಟರ್. 30 ಮೀಟರಿನಲ್ಲಿ ಆರೇಳು ಸೆಕೆಂಡು. ಅಂದರೆ ಆಯ್ಕೆಗಳು ಎತ್ತರದ ಜೊತೆಗೇ ಕರಗುತ್ತವೆ, ಮತ್ತು ತಂತಿ ಕಣ್ಣಿಗೆ ಬೀಳುವ ಹೊತ್ತಿಗೆ ಅವು ಹೆಚ್ಚುಕಡಿಮೆ ಮುಗಿದಿರುತ್ತವೆ. ಸ್ಕೈಡೈವಿಂಗ್ ಕಲಿಸುವವರು ಇದನ್ನು ಬಲ್ಲರು. ಅಂದುಕೊಂಡ ಮೈದಾನಕ್ಕೆ ತಲುಪಲಾರೆ ಎಂದು ಅನುಮಾನ ಬಂದರೆ 600 ಮೀಟರ್ ಆಸುಪಾಸಿನಲ್ಲೇ ಬೇರೆ ಜಾಗವನ್ನು ಆರಿಸಿಕೊಂಡುಬಿಡಬೇಕು ಎಂದು ಅವರು ಹೇಳುವುದು ಅದಕ್ಕೇ. ಆಮೇಲೆ 300 ಮೀಟರಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಮೈದಾನದ ಪಕ್ಕದಲ್ಲಿ ಸಾಗುವುದು, 180ರ ಸುಮಾರಿಗೆ ಒಂದು ತಿರುವು, 90ರ ಸುಮಾರಿಗೆ ಗಾಳಿಗೆ ಎದುರಾಗಿ ಕೊನೆಯ ತಿರುವು. ಅಲ್ಲಿಂದ ಕೆಳಗೆ ನೇರ. ಈ ಕ್ರಮದ ಗುಣವೆಂದರೆ ಇಳಿಯುವ ಜಾಗದ ಮೂರು ಬದಿಗಳನ್ನೂ ಇಳಿಯುವ ಮೊದಲೇ ಮೇಲಿನಿಂದ ಪರಿಶೀಲಿಸಲು ಸಿಗುತ್ತದೆ. ಮೈದಾನದ ಅಂಚಿನ ಕಂಬಗಳು ಒಂದು ಕೋನದಿಂದ ಕಾಣದಿದ್ದರೆ ಇನ್ನೊಂದರಿಂದ ಕಾಣುತ್ತವೆ.

ಇಷ್ಟೆಲ್ಲ ಮಾಡಿಯೂ ಕೊನೆಯಲ್ಲಿ ತಂತಿ ಎದುರಾದರೆ? ‘ಕೂಡಲೇ ತಿರುಗಿಸಿಬಿಟ್ಟರಾಯಿತು’ ಎನ್ನುವುದು ಎಲ್ಲರಿಗೂ ಹೊಳೆಯುವ ಉತ್ತರ. ಜೀವ ತೆಗೆಯುವ ಉತ್ತರವೂ ಅದೇ. ಪ್ಯಾರಾಚೂಟನ್ನು ತಿರುಗಿಸಲು ಎರಡೂ ಕೈಗಳಲ್ಲಿ ಟಾಗಲ್ ಎಂಬ ಹಿಡಿಕೆಗಳಿರುತ್ತವೆ. ಒಂದನ್ನು ಜೋರಾಗಿ ಎಳೆದರೆ ಆ ಬದಿ ನಿಧಾನಗೊಂಡು ರೆಕ್ಕೆ ವಾಲುತ್ತದೆ, ಕೆಳಗೆ ತೂಗುವ ದೇಹ ಲೋಲಕದಂತೆ ಹೊರಕ್ಕೆ ಚಿಮ್ಮುತ್ತದೆ, ಇಡೀ ಪ್ಯಾರಾಚೂಟ್ ಮೂಗು ಕೆಳಗೆ ಮಾಡಿ ಧುಮುಕುತ್ತದೆ. ಇಳಿಯುವ ವೇಗ ಹಲವು ಪಟ್ಟು ಏರುತ್ತದೆ. ಎತ್ತರವಿದ್ದರೆ ಅದು ಮತ್ತೆ ಸಮಸ್ಥಿತಿಗೆ ಬರುತ್ತದೆ. ಎತ್ತರವಿಲ್ಲದಿದ್ದರೆ ಆ ವೇಗದಲ್ಲೇ ದೇಹ ನೆಲಕ್ಕೆ ಅಪ್ಪಳಿಸುತ್ತದೆ. ಅಡ್ಡಿಯನ್ನು ತಪ್ಪಿಸಲು ಹೋಗಿ ಕೆಳಮಟ್ಟದಲ್ಲಿ ಹಾಕಿದ ತಿರುವು ಸ್ಕೈಡೈವಿಂಗ್ ಸಾವುನೋವುಗಳ ಹಳೆಯ, ಎಲ್ಲರಿಗೂ ಗೊತ್ತಿರುವ ಕಾರಣ. ಎಂದರೆ ತಂತಿ ಮುಟ್ಟದೆಯೂ ಕೊಲ್ಲಬಲ್ಲದು. ಅದಕ್ಕೆ ಬೇಕಾದದ್ದು ತಡವಾಗಿ ಕಾಣಿಸಿಕೊಳ್ಳುವುದಷ್ಟೆ. ಹಾಗಾಗಿ ಅನಿವಾರ್ಯವಾಗಿ ತಿರುಗಲೇಬೇಕಾದಾಗ ತಿರುಗುವ ರೀತಿ ಬೇರೆ. ಎರಡೂ ಟಾಗಲ್‌ಗಳನ್ನು ಅರ್ಧದಷ್ಟು ಎಳೆದು ವೇಗ ತಗ್ಗಿಸಿಕೊಂಡು, ಆ ಸ್ಥಿತಿಯಲ್ಲಿ ಒಂದು ಕೈಯನ್ನು ತುಸು ಮೇಲೆ ಬಿಡುವುದು ಅಥವಾ ಇನ್ನೊಂದನ್ನು ತುಸು ಕೆಳಗೆ ತರುವುದು. ರೆಕ್ಕೆ ಹೆಚ್ಚು ವಾಲದೆ ಮಟ್ಟಸವಾಗಿ ತಿರುಗುತ್ತದೆ. ಅದೂ ತಂತಿಯಿಂದ ಪಾರಾಗಲು ಎಷ್ಟು ಬೇಕೋ ಅಷ್ಟೇ. ಗಾಳಿಗೆ ಎದುರಾಗಿಯೇ ಇಳಿಯುತ್ತೇನೆ ಎಂಬ ಹಟಕ್ಕಾಗಿ ಇನ್ನೊಂದು ತಿರುವು ಹಾಕಬಾರದು. ಗಾಳಿಗೆ ಬೆನ್ನು ಕೊಟ್ಟು ಇಳಿದರೆ ವೇಗ ಜಾಸ್ತಿ, ಉರುಳಿ ಬೀಳಬಹುದು, ಕಾಲು ಉಳುಕಬಹುದು, ಮುರಿಯಲೂಬಹುದು. ಕೆಳಮಟ್ಟದ ತಿರುವಿನ ಬೆಲೆ ಅಷ್ಟಕ್ಕೆ ನಿಲ್ಲುವುದಿಲ್ಲ.

ದೂರದಿಂದಲೇ ದಾಟುತ್ತೇನೋ ಇಲ್ಲವೋ ಎಂದು ಅಳೆಯಲು ಒಂದು ವಿಧಾನವಿದೆ. ನೇರವಾಗಿ ಇಳಿಯುತ್ತಿರುವಾಗ ಮುಂದಿನ ನೆಲದಲ್ಲಿ ಒಂದು ಬಿಂದು ಮಾತ್ರ ಕಣ್ಣಿನಲ್ಲಿ ಅಲುಗಾಡದೆ ನಿಂತಿರುತ್ತದೆ. ಅದಕ್ಕಿಂತ ಆಚೆಯವು ಮೇಲಕ್ಕೆ ಸರಿದಂತೆ, ಈಚೆಯವು ಕಾಲ ಕೆಳಕ್ಕೆ ಜಾರಿದಂತೆ ತೋರುತ್ತವೆ. ನಿಂತ ಬಿಂದುವೇ ನೀವು ತಲುಪುವ ಜಾಗ. ಇದನ್ನೇ ಕಂಬಕ್ಕೆ ಅನ್ವಯಿಸಬಹುದು. ಕಂಬದ ತುದಿಯ ಹಿಂದಿನ ನೆಲ ಹೊತ್ತು ಹೋದಂತೆ ಹೆಚ್ಚು ಹೆಚ್ಚು ಕಾಣುತ್ತಿದ್ದರೆ ಅದರ ಮೇಲಿಂದ ಹೋಗುತ್ತೀರಿ. ಹಿಂದಿನ ನೆಲ ಮರೆಯಾಗುತ್ತಾ ಬಂದರೆ ಹೋಗಲಾರಿರಿ. ತಂತಿ ನಡುವೆ ಜೋತು, ಕಂಬದ ಬಳಿ ಎತ್ತರದಲ್ಲಿರುವುದರಿಂದ ಕಂಬದ ತುದಿಯನ್ನು ಅಳತೆಗೋಲು ಮಾಡಿಕೊಳ್ಳುವುದೇ ಸುರಕ್ಷಿತ. ಆದರೂ ಇದನ್ನು ಅತಿಯಾಗಿ ನಂಬುವಂತಿಲ್ಲ. ನೆಲದ ಹತ್ತಿರ ಗಾಳಿಯ ವೇಗ ಬದಲಾಗುತ್ತದೆ, ಮೇಲೆ ಹಾಕಿದ ಲೆಕ್ಕ ಕೆಳಗೆ ಕೆಡುತ್ತದೆ. ಅನುಮಾನವಿದ್ದರೆ ದಾಟುವ ಪ್ರಯತ್ನವನ್ನೇ ಬಿಟ್ಟು ತಂತಿಗೆ ಸಮಾನಾಂತರವಾಗಿ, ಅದರ ಈಚೆ ಬದಿಯಲ್ಲೇ ಇಳಿಯುವುದು ಲೇಸು. ಇಲ್ಲಿ ಮನಸ್ಸಿನ ಒಂದು ದೌರ್ಬಲ್ಯವೂ ಕೈಗೆ ಅಡ್ಡ ಬರುತ್ತದೆ. ಹೆದರಿದ ಮನುಷ್ಯ ಹೆದರಿಸಿದ ವಸ್ತುವನ್ನೇ ದಿಟ್ಟಿಸುತ್ತಾನೆ, ದಿಟ್ಟಿಸಿದ ಕಡೆಗೇ ಅವನ ಕೈ ಎಳೆಯುತ್ತದೆ. ಹೊಸದಾಗಿ ಬೈಕ್ ಕಲಿಯುವವರು ರಸ್ತೆಯ ಒಂದೇ ಒಂದು ಗುಂಡಿಯನ್ನು ನೋಡುತ್ತಾ ಅದರೊಳಗೇ ಇಳಿಸುವುದು ಇದೇ ಕಾರಣಕ್ಕೆ. ಕಂಬವನ್ನು ಗುರುತಿಸಿದ ಮೇಲೆ ಕಣ್ಣು ಹೋಗಬೇಕಾದದ್ದು ಇಳಿಯಲಿರುವ ಖಾಲಿ ನೆಲದ ಕಡೆಗೆ.

ನಿರ್ಧಾರ ಮೇಲೆಯೇ ಆಗಬೇಕು ಎಂಬ ಮಾತಿಗೆ ಪ್ಯಾರಾಚೂಟ್ ಜಗತ್ತಿನ ಆಚೆಯಿಂದಲೂ ಪುರಾವೆಯಿದೆ. ಗಾಳಿಗೆ ಒಳಗಾಗಿ, ಸೀಮಿತ ನಿಯಂತ್ರಣದಲ್ಲಿ ಕೆಳಗಿಳಿಯುವ ಇನ್ನೊಂದು ವಾಹನವೆಂದರೆ ಬಿಸಿಗಾಳಿಯ ಬಲೂನು. ನ್ಯೂಜಿಲೆಂಡಿನ ಕಾರ್ಟರ್‌ಟನ್ ಬಳಿ 2012ರ ಜನವರಿ 7ರಂದು ಬಲೂನೊಂದು 33 ಕೆವಿ ಮಾರ್ಗಕ್ಕೆ ಸಿಕ್ಕು ಅದರಲ್ಲಿದ್ದ ಹನ್ನೊಂದು ಮಂದಿಯೂ ಸತ್ತರು. ತನಿಖೆಯಲ್ಲಿ ಪೈಲಟ್ ಗಾಂಜಾ ಸೇವಿಸಿದ್ದ ಸಂಗತಿಯೂ ಹೊರಬಂತು. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಕೊನೆಯ ಕ್ಷಣದ ಆಯ್ಕೆ. ತಂತಿ ಸಮೀಪಿಸಿದಾಗ ಗಾಳಿಯನ್ನು ಹೊರಬಿಟ್ಟು ಕೂಡಲೇ ನೆಲಕ್ಕಿಳಿಯುವ ಬದಲು, ಬರ್ನರ್ ಉರಿಸಿ ಮೇಲೇರಿ ದಾಟಲು ಪ್ರಯತ್ನಿಸಲಾಗಿತ್ತು. ಟೆಕ್ಸಾಸಿನ ಲಾಕ್‌ಹಾರ್ಟ್‌ನಲ್ಲಿ 2016ರ ಜುಲೈ 30ರಂದು ಹದಿನಾರು ಮಂದಿ ಸತ್ತ ಅಪಘಾತದಲ್ಲಿಯೂ ಬಲೂನು ಬಡಿದದ್ದು ವಿದ್ಯುತ್ ಮಾರ್ಗಕ್ಕೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಬೆರಳು ತೋರಿಸಿದ್ದು ತಂತಿಯ ಕಡೆಗಲ್ಲ. ಮೋಡ ಮಂಜಿನ ಆ ಬೆಳಗ್ಗೆ ಹಾರಲು ಮಾಡಿದ ನಿರ್ಧಾರದ ಕಡೆಗೆ, ನೆಲ ಕಾಣದೆಯೇ ಮೋಡದೊಳಗಿಂದ ಇಳಿಯಬೇಕಾಗಿ ಬಂದುದರ ಕಡೆಗೆ. ಎರಡೂ ಕಡೆ ತಂತಿ ತನ್ನ ಜಾಗದಲ್ಲೇ ಇತ್ತು. ಅದನ್ನು ತಪ್ಪಿಸಬಹುದಾಗಿದ್ದ ಗಳಿಗೆ ಮಾತ್ರ ಮೊದಲೇ ಕಳೆದುಹೋಗಿತ್ತು.

ಈ ವಾದವನ್ನು ಒಪ್ಪದವರು ಕೇಳುವ ಮೊದಲ ಪ್ರಶ್ನೆ: ಇಷ್ಟೆಲ್ಲ ಊಹೆ ಯಾಕೆ, ತಂತಿಗಳಿಗೇ ಕಾಣುವಂಥ ಗುರುತು ಹಾಕಬಾರದೇಕೆ? ಗುರುತುಗಳಿವೆ. ವಿಮಾನ ನಿಲ್ದಾಣಗಳ ಸುತ್ತ, ದೊಡ್ಡ ನದಿಗಳನ್ನು ಮಾರ್ಗ ದಾಟುವಲ್ಲಿ ತಂತಿಗೆ ಪೋಣಿಸಿದ ಕಿತ್ತಳೆ, ಬಿಳಿ ಚೆಂಡುಗಳನ್ನು ಹಲವರು ನೋಡಿರಬಹುದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಚೆಂಡಿನ ವ್ಯಾಸ ಕನಿಷ್ಠ 60 ಸೆಂಟಿಮೀಟರ್ ಇರಬೇಕು. ಆದರೆ ಚೆಂಡು ತೂಗುತ್ತದೆ, ಗಾಳಿಗೆ ಒಡ್ಡಿಕೊಳ್ಳುತ್ತದೆ. ಅದಕ್ಕೆ ತಕ್ಕ ತಂತಿ, ಗೋಪುರ ಬೇಕು. ಹೊಲದ ಎಂಟು ಒಂಬತ್ತು ಮೀಟರ್ ಕಂಬದ ಮೇಲಿನ ತೆಳು ತಂತಿಗಳಿಗೆಲ್ಲ ಅದನ್ನು ತೂಗುಹಾಕುವುದು ಆಗದ ಮಾತು. ಪ್ಯಾರಾಚೂಟಿಗೆ ಎದುರಾಗುವುದು ಹೆಚ್ಚಾಗಿ ಈ ಗಿಡ್ಡ ಮಾರ್ಗಗಳೇ. ಇನ್ನೂ ಒಂದು ತೊಡಕಿದೆ. ಕೆಲವೆಡೆ ಚೆಂಡು ಕಟ್ಟಿದರೆ, ಚೆಂಡಿಲ್ಲದ ಕಡೆ ತಂತಿಯೂ ಇಲ್ಲ ಎಂಬ ನಂಬಿಕೆ ಹುಟ್ಟುತ್ತದೆ. ಎರಡನೆಯ ಪ್ರಶ್ನೆ ತಂತ್ರಜ್ಞಾನದ್ದು. ಹೆಲಿಕಾಪ್ಟರುಗಳಲ್ಲಿ ತಂತಿಯನ್ನು ಮುನ್ಸೂಚಿಸುವ ಉಪಕರಣಗಳಿವೆ, ತಂತಿಯನ್ನು ಕತ್ತರಿಸುವ ಅಲಗುಗಳೂ ಇವೆ. ಮೊಬೈಲಿನಲ್ಲಿ ಉಪಗ್ರಹ ಚಿತ್ರಗಳಿವೆ. ಉಪಗ್ರಹ ಚಿತ್ರ ನಿಜಕ್ಕೂ ಉಪಯುಕ್ತ, ಆದರೆ ಜಿಗಿಯುವ ಹಿಂದಿನ ದಿನ, ನೆಲದ ಮೇಲೆ ಕುಳಿತು ನೋಡುವಾಗ. ಅದರಲ್ಲಿಯೂ ಕಾಣುವುದು ತಂತಿಯಲ್ಲ, ಕಂಬದ ನೆರಳು. ಚಿತ್ರ ತೆಗೆದ ಮೇಲೆ ನೆಟ್ಟ ಕಂಬ ಅದರಲ್ಲಿರುವುದಿಲ್ಲ. ಹಾಗಾಗಿ ಎಲ್ಲಕ್ಕಿಂತ ಹಳೆಯ ಉಪಾಯವೇ ಇಂದಿಗೂ ಗಟ್ಟಿ: ಇಳಿಯುವ ಮೈದಾನವನ್ನೂ ಅದರ ಸುತ್ತಲಿನ ಒಂದೆರಡು ಕಿಲೋಮೀಟರನ್ನೂ ಮೊದಲೇ ಓಡಾಡಿ ನೋಡಿ, ತಂತಿಗಳ ನಕ್ಷೆ ಬರೆದು, ಹೊಸಬರಿಗೆ ತೋರಿಸುವುದು.

ಹಾಗಾದರೆ ದಿಕ್ಕು ಬದಲಿಸಲಾಗದ ಪ್ಯಾರಾಚೂಟಿನವರ ಗತಿಯೇನು ಎಂದು ಕೇಳಬಹುದು. ಸೇನೆಗಳು ಒಂದೇ ಬಾರಿಗೆ ನೂರಾರು ಸೈನಿಕರನ್ನು ಇಳಿಸಲು ಇಂದಿಗೂ ದುಂಡು ಅಥವಾ ಅದಕ್ಕೆ ಹತ್ತಿರದ ಆಕಾರದ ಪ್ಯಾರಾಚೂಟ್‌ಗಳನ್ನು ಬಳಸುತ್ತವೆ. ಅವು ಹೆಚ್ಚುಕಡಿಮೆ ಗಾಳಿ ಒಯ್ದ ಕಡೆಗೆ ಹೋಗುತ್ತವೆ. ಇಳಿಯುವವನಿಗೆ ಆಯ್ಕೆಯೇ ಇಲ್ಲದಿದ್ದರೆ ಮೇಲೆಯೇ ನಿರ್ಧರಿಸು ಎನ್ನುವುದಕ್ಕೆ ಅರ್ಥವೇನು? ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಇನ್ನಷ್ಟು ಹಿಂದಕ್ಕೆ ಒಯ್ಯುತ್ತದೆ. ಅಲ್ಲಿ ನಿರ್ಧಾರ 600 ಮೀಟರಿನಲ್ಲೂ ಅಲ್ಲ, ವಿಮಾನ ಹೊರಡುವ ಮೊದಲೇ ಆಗಿರಬೇಕು. ಅಮೆರಿಕದ ಸೇನಾ ಕೈಪಿಡಿಗಳು ಇಳಿಯುವ ಪ್ರದೇಶದ ಅಂಚಿನಿಂದ 1000 ಮೀಟರ್ ಒಳಗೆ 50 ವೋಲ್ಟ್‌ ಅಥವಾ ಅದಕ್ಕೂ ಹೆಚ್ಚಿನ ವಿದ್ಯುತ್ ಮಾರ್ಗವಿದ್ದರೆ ಅದನ್ನು ಅಪಾಯವೆಂದೇ ಲೆಕ್ಕಿಸಿ, ಜಿಗಿತಕ್ಕೆ 15 ನಿಮಿಷ ಮೊದಲೇ ವಿದ್ಯುತ್ ಕಡಿತ ಮಾಡಿಸಲು ಹೇಳುತ್ತವೆ. 50 ವೋಲ್ಟ್ ಎಂದರೆ ನಮ್ಮ ಮನೆಯ 230 ವೋಲ್ಟ್‌ನ ಕಾಲುಭಾಗವೂ ಅಲ್ಲ. ಭಾರತದ ಪ್ಯಾರಾಟ್ರೂಪರ್‌ಗಳು ಜಿಗಿತ ಕಲಿಯುವುದು ಆಗ್ರಾದ ವಾಯುಪಡೆಯ ಶಾಲೆಯಲ್ಲಿ, ಇಳಿಯುವುದು ಮಲ್ಪುರದ ವಿಶಾಲ ಬಯಲಿನಲ್ಲಿ. ಅಂಥ ಬಯಲನ್ನು ಅದಕ್ಕಾಗಿಯೇ ಮೀಸಲಿಟ್ಟಿರುವುದರಲ್ಲೇ ಆ ಮೊದಲ ನಿರ್ಧಾರವಿದೆ. ತಂತಿಗೆ ಸಿಕ್ಕು ಸತ್ತ ಸ್ಕೈಡೈವರ್‌ಗಳ ಸಂಖ್ಯೆ ಕಡಿಮೆ, ಆದ್ದರಿಂದ ಇದಕ್ಕೆಲ್ಲ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ ಎನ್ನುವವರಿಗೂ ಉತ್ತರ ಇದರಲ್ಲೇ ಇದೆ. ಸಂಖ್ಯೆ ಕಡಿಮೆಯಿರುವುದು ತಂತಿ ಸೌಮ್ಯವಾಗಿದೆ ಎಂದಲ್ಲ, ತಂತಿಯಿಂದ ದೂರದ ಜಾಗವನ್ನು ಯಾರೋ ಮೊದಲೇ ಆರಿಸಿಟ್ಟಿದ್ದಾರೆ ಎಂದು.

ಇನ್ನು ಹಕ್ಕಿಯ ಪ್ರಶ್ನೆ. ಕಾಗೆ ತಂತಿಯ ಮೇಲೆ ಕೂತು ಏನೂ ಆಗದೆ ಹಾರಿಹೋಗುತ್ತದೆ, ಹಾಗಿರುವಾಗ ಒಂದು ತಂತಿ ತಗಲಿದರೆ ಏನಾಗುತ್ತದೆ? ಕಾಗೆಗೆ ಏನೂ ಆಗದಿರುವುದು ಅದರ ಎರಡು ಕಾಲುಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ. ಪ್ಯಾರಾಚೂಟ್ ಕಟ್ಟಿಕೊಂಡ ಮನುಷ್ಯ ಕಾಗೆಯಷ್ಟು ಪುಟ್ಟ ವಸ್ತುವಲ್ಲ. ದೇಹ, ಅದರ ಮೇಲೆ ಹಲವು ಮೀಟರ್ ದಾರಗಳು, ಅದರ ಮೇಲೆ ಅಗಲದ ಬಟ್ಟೆ. ಹಳ್ಳಿಯ ಮಾರ್ಗದಲ್ಲಿ ತಂತಿ ತಂತಿಗಳ ನಡುವಿನ ಅಂತರವನ್ನು ಇವುಗಳಲ್ಲಿ ಯಾವುದಾದರೂ ಸುಲಭವಾಗಿ ತುಂಬಿಬಿಡುತ್ತದೆ; ಕಾಲು ಕಂಬಕ್ಕೋ ನೆಲಕ್ಕೋ ತಾಕಿದರೂ ಸಾಕು. ಒಣಗಿದ ನೈಲಾನ್ ವಿದ್ಯುತ್ತನ್ನು ಅಷ್ಟಾಗಿ ಹರಿಯಬಿಡುವುದಿಲ್ಲ ಎನ್ನುವುದು ನಿಜ, ಆದರೆ ಬೆವರು, ಇಬ್ಬನಿ, ಮಣ್ಣು ತಾಗಿದ ಬಟ್ಟೆಯ ಮೇಲೆ ಆ ಭರವಸೆ ಇಡುವಂತಿಲ್ಲ. ಅತಿ ಹೆಚ್ಚಿನ ವೋಲ್ಟೇಜಿನ ಮಾರ್ಗದಲ್ಲಂತೂ ಮುಟ್ಟಬೇಕೆಂದೂ ಇಲ್ಲ, ಸಮೀಪ ಬಂದರೆ ಗಾಳಿಯನ್ನೇ ಸೀಳಿ ಕಿಡಿ ಹಾರುತ್ತದೆ. ಹೀಗಾಗಿ ತಂತಿಗೆ ಬೀಳುವುದು ಖಚಿತವೆಂದಾದಾಗ ಉಳಿಯುವ ಉಪದೇಶವೆಲ್ಲ ಹಾನಿ ತಗ್ಗಿಸುವಂಥದ್ದು: ಕೈಯಲ್ಲಿರುವ, ಜೋತುಬಿದ್ದಿರುವ ವಸ್ತುಗಳನ್ನು ಕೆಳಗೆ ಬಿಡುವುದು, ಬ್ರೇಕ್ ಹಿಡಿದು ವೇಗ ತಗ್ಗಿಸುವುದು, ತಂತಿಗೆ ಅಡ್ಡವಾಗದೆ ಅದರ ಉದ್ದಕ್ಕೆ ಬರುವುದು, ಪಾದ ಮೊಣಕಾಲುಗಳನ್ನು ಜೋಡಿಸಿ ಗದ್ದವನ್ನು ಎದೆಗೆ ಒತ್ತಿಕೊಳ್ಳುವುದು, ಒಂದಕ್ಕಿಂತ ಹೆಚ್ಚು ತಂತಿ ಮೈಗೆ ತಾಗದಂತೆ ನೋಡಿಕೊಳ್ಳುವುದು. ಇವು ಸರಿಯಾದ ಉಪದೇಶಗಳೇ. ಆದರೆ ಇವುಗಳಿಂದ ಬದುಕುಳಿಯುವುದರಲ್ಲಿ ಅದೃಷ್ಟದ ಪಾಲೇ ದೊಡ್ಡದು.

ತಂತಿಗೆ ಸಿಕ್ಕವರು ಬದುಕಿದ್ದಾರೆ, ನೆಲಕ್ಕೆ ತಾಗದೆ ತೂಗುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಸ್ಕೈಡೈವಿಂಗ್ ಶಿಬಿರಗಳು ನಡೆದಿವೆ, ಪ್ಯಾರಾಗ್ಲೈಡಿಂಗ್, ಪ್ಯಾರಾಮೋಟರ್ ಮೋಹ ನಮ್ಮಲ್ಲೂ ಹರಡುತ್ತಿದೆ. ಆದ್ದರಿಂದ ಈ ದೃಶ್ಯಕ್ಕೆ ಸಾಕ್ಷಿಯಾಗುವ ಸಾಧ್ಯತೆ ಜಿಗಿಯುವವರಿಗಿಂತ ಕೆಳಗೆ ಹೊಲದಲ್ಲಿರುವವರಿಗೇ ಹೆಚ್ಚು. ಓಡಿಬಂದವರ ಮೊದಲ ಆಲೋಚನೆ ಬಿದಿರು ಗಳದಿಂದ ಬಟ್ಟೆಯನ್ನು ಬಿಡಿಸುವುದು ಅಥವಾ ಕಾಲು ಹಿಡಿದು ಎಳೆಯುವುದು. ಎರಡೂ ಕೂಡದು. ತೂಗುತ್ತಿರುವವರು ಇಷ್ಟು ಹೊತ್ತು ಉಳಿದಿರುವುದು ಬಹುಶಃ ನೆಲದ ಸಂಪರ್ಕ ಇಲ್ಲದ್ದರಿಂದ. ಮುಟ್ಟಿದವರು ಆ ಸಂಪರ್ಕವನ್ನು ತಮ್ಮ ಮೈಯಿಂದಲೇ ಕೊಟ್ಟಂತಾಗುತ್ತದೆ. ತಂತಿ ಹರಿದು ನೆಲಕ್ಕೆ ಬಿದ್ದಿದ್ದರೆ ಸುತ್ತಲಿನ ಮಣ್ಣಿನಲ್ಲೂ ವೋಲ್ಟೇಜ್ ಹರಡಿರುತ್ತದೆ, ದೊಡ್ಡ ಹೆಜ್ಜೆಯಿಟ್ಟರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಕರೆಂಟ್ ಹರಿಯಬಹುದು. ಜನರನ್ನು ಹತ್ತಾರು ಮೀಟರ್ ದೂರ ನಿಲ್ಲಿಸಬೇಕು. ಮಾಡಬೇಕಾದ ಕೆಲಸ 1912ಕ್ಕೆ ಕರೆ ಮಾಡಿ ಜಾಗ ಹೇಳುವುದು, ಮೇಲಿರುವವರಿಗೆ ಅಲುಗಾಡದಿರಲು, ಪ್ಯಾರಾಚೂಟಿನಿಂದ ಕಳಚಿಕೊಂಡು ಜಿಗಿಯದಿರಲು ಕೂಗಿ ಹೇಳುವುದು. ಕಿಡಿ ನಿಂತಿತು, ಊರಿನ ದೀಪ ಆರಿತು ಎಂದು ಮಾರ್ಗ ಸತ್ತಿದೆ ಎಂದುಕೊಳ್ಳಬಾರದು. ದೋಷ ಕಂಡಾಗ ಟ್ರಿಪ್ ಆಗುವ ಮಾರ್ಗ ಕೆಲವೆಡೆ ತಾನಾಗಿ, ಕ್ಷಣಗಳಲ್ಲೇ ಮತ್ತೆ ಚಾಲೂ ಆಗುತ್ತದೆ. ತಾನಾಗಿ ಆಗದಿದ್ದರೆ ಸಬ್‌ಸ್ಟೇಷನ್ನಿನಲ್ಲಿ ಕುಳಿತವರು ದೋಷ ಹೋಗಿದೆಯೇ ನೋಡಲು ಒಮ್ಮೆ ಚಾಲೂ ಮಾಡಿ ನೋಡಬಹುದು. ಪಂಪ್‌ಸೆಟ್ಟುಗಳ ಮಾರ್ಗಕ್ಕೆ ದಿನದ ಕೆಲವೇ ಗಂಟೆ ತ್ರೀ ಫೇಸ್ ಕೊಡುವ ನಮ್ಮ ಹಳ್ಳಿಗಳಲ್ಲಿ ‘ಈಗ ಕರೆಂಟ್ ಇಲ್ಲದ ಹೊತ್ತು’ ಎಂಬ ಮಾತನ್ನೂ ನಂಬುವಂತಿಲ್ಲ. ಯಾರದೋ ಮನೆಯ ಜನರೇಟರು ಹಿಂದಿನಿಂದ ಅದೇ ತಂತಿಗೆ ವಿದ್ಯುತ್ ಹರಿಸುತ್ತಿರಬಹುದು. ಅನುಭವಿ ಲೈನ್‌ಮನ್ ಬಂದಾಗ ಏನು ಮಾಡುತ್ತಾನೆ ನೋಡಿ. ಸಬ್‌ಸ್ಟೇಷನ್ನಿಗೆ ಹೇಳಿ ಮಾರ್ಗ ಬಂದ್ ಮಾಡಿಸುತ್ತಾನೆ, ಸ್ವಿಚ್ ತೆಗೆಯುತ್ತಾನೆ, ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸುತ್ತಾನೆ, ಆಮೇಲೂ ಕೆಲಸದ ಜಾಗದ ಎರಡೂ ಬದಿಗೆ ಅರ್ತ್ ರಾಡ್ ಸಿಕ್ಕಿಸಿ ತಂತಿಯನ್ನು ಭೂಮಿಗೆ ಕಟ್ಟಿಹಾಕುತ್ತಾನೆ. ಅಷ್ಟೆಲ್ಲ ಆದ ಮೇಲೆ ಏಣಿ ತರಿಸುತ್ತಾನೆ.